ಕೂಸಿನ ಬಟ್ಟೆಯ ಬಣ್ಣ

ನಾನು ಇಲ್ಲಿ ಬರೆಯಹೊರಟಿರುವ ವಿಷಯ ನಾಲ್ಕು ಜನರ ಪಂಕ್ತಿಯಲ್ಲಿ ಎತ್ತುವಂಥದಲ್ಲ. ನಮ್ಮ ಸಂಘದ ಈ ಪತ್ರಿಕೆಯಲ್ಲಿ ರಾಜ್ಯೋತ್ಸವದ ವರದಿ ಬರುತ್ತದೆ, ಮದುವೆ ಮುಂಜಿವೆಗಳ ಸುದ್ದಿ ಬರುತ್ತದೆ, ಶೇಂಗಾ ಹೋಳಿಗೆ ಮಾಡುವ ಬಗೆ ಬರುತ್ತದೆ. ಇವುಗಳ ನಡುವೆ ಹಸುಗೂಸಿನ ಮಲದ ಬಣ್ಣವನ್ನು ಕುರಿತು ಪುಟಗಟ್ಟಲೆ ಬರೆದುಕೊಟ್ಟರೆ ಸಂಪಾದಕರು ಏನೆನ್ನುವರೋ ಎಂಬ ಅಳುಕು ನನಗೂ ಇತ್ತು. ಆದರೆ ಇದೇ ಅಳುಕು, ಇದೇ ಮರ್ಯಾದೆ, ಒಮ್ಮೆ ನನ್ನ ಮೊಮ್ಮಗಳ ಆಯುಷ್ಯದ ಮೂರು ಅಮೂಲ್ಯ ವಾರಗಳನ್ನು ನುಂಗಿಬಿಟ್ಟಿತು. ಆದುದರಿಂದ ಇನ್ನು ಅದಕ್ಕೆ ಮಣೆ ಹಾಕಲಾರೆ. ವಾಚಕರು ಕ್ಷಮಿಸಬೇಕು. ಊಟಕ್ಕೆ ಕುಳಿತವರಿದ್ದರೆ ಊಟ ಮುಗಿಸಿ ಮುಂದೆ ಓದಬೇಕು.

ನಾವು ಧಾರವಾಡದ ಕಡೆಯವರು. ನೌಕರಿಯ ನಿಮಿತ್ತ ಮುಂಬಯಿಗೆ ಬಂದು, ಮೊದಲು ಚಾಳಿನ ಒಂದೇ ಖೋಲಿಯಲ್ಲಿ, ಆಮೇಲೆ ಡೊಂಬಿವಲಿಯ ಎರಡು ಖೋಲಿಯ ಮನೆಯಲ್ಲಿ ನಾಲ್ವತ್ತು ವರ್ಷಗಳಿಗೂ ಮಿಕ್ಕಿ ಕಳೆದೆವು. ಕಚೇರಿಯ ದೆಸೆಯಿಂದ ನನಗೆ ಮರಾಠಿ, ಹಿಂದಿ, ಇಂಗ್ಲಿಷು ಎಲ್ಲವೂ ಬಂದುವು. ನನ್ನ ಹೆಂಡತಿಗೆ ಬಂದುದು ಕಾಯಿಪಲ್ಲೆ ಕೊಳ್ಳುವಷ್ಟು ಮರಾಠಿ ಮಾತ್ರ. ಬ್ಯಾಂಕು, ಆಸ್ಪತ್ರೆ, ಸೊಸಾಯಿಟಿಯ ಸಭೆ, ಎಲ್ಲಿಯೇ ಆಗಲಿ, ಅವಳು ಕನ್ನಡದಲ್ಲಿ ನನ್ನ ಕಿವಿಯಲ್ಲಿ ಹೇಳುವುದು, ನಾನು ಅದನ್ನು ಮರಾಠಿಗೆ ತಿರುಗಿಸಿ ಹೇಳುವುದು, ಇದೇ ಪದ್ಧತಿ ನಡೆದುಬಂದಿತ್ತು. ಪರಊರಿನಲ್ಲಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಹೀಗೆಯೇ ಉಂಟು. ನಾನು ಒಳ್ಳೆಯ ಭಾಷಾಂತರಕಾರನೆಂದೇ ನನ್ನ ನಂಬಿಕೆಯಾಗಿತ್ತು.

ಮಗಳು ಪುಣೆಯಲ್ಲಿ ಸಂಸಾರ ಹೂಡಿದವಳು. ಚೊಚ್ಚಲ ಬಾಣಂತನ ತವರಿನಲ್ಲಿಯೇ ಆಗತಕ್ಕದ್ದೆಂದು ಹಟ ಹಿಡಿದು ಕರೆತಂದವಳು ನನ್ನ ಹೆಂಡತಿ. 2019ರ ಜನವರಿಯಲ್ಲಿ, ಸಂಕ್ರಾಂತಿಗೆ ಇನ್ನು ಒಂದು ವಾರವಿದೆ ಎನ್ನುವಾಗ, ಹೆಣ್ಣುಕೂಸು ಹುಟ್ಟಿತು. ಮೂರು ಕಿಲೋಗೆ ತುಸು ಕಡಿಮೆ ತೂಕ, ತಲೆತುಂಬ ಕೂದಲು, ಓಣಿಗೆಲ್ಲ ಕೇಳುವಂಥ ದನಿ. ಬೀಗರು ಬಂದು ನೋಡಿ, ಕುಸುರೆಳ್ಳು ಹಂಚಿ, ಸಂತೋಷದಿಂದ ಹೋದರು.

ಮೂರನೆಯ ದಿನ ಕೂಸಿನ ಮೈ ಹಳದಿಯಾಯಿತು. ಇದರಲ್ಲಿ ಗಾಬರಿಪಡುವಂಥದು ಏನೂ ಇರಲಿಲ್ಲ. ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಮೊದಲ ವಾರದಲ್ಲಿ ಕಾಮಾಲೆ ಕಾಣಿಸಿಕೊಳ್ಳುತ್ತದೆ, ಎರಡು ವಾರಗಳೊಳಗೆ ತಾನಾಗಿ ಇಳಿಯುತ್ತದೆ. ಹೆರಿಗೆಯ ಆಸ್ಪತ್ರೆಯಲ್ಲಿ ರಕ್ತ ನೋಡಿ, ಬಿಲಿರುಬಿನ್ ಹನ್ನೆರಡರ ಆಸುಪಾಸು ಇದೆ, ಚಿಂತೆಯಿಲ್ಲ ಎಂದು ಮನೆಗೆ ಕಳಿಸಿದರು. ಕೂಸು ಹಾಲನ್ನು ಚೆನ್ನಾಗಿಯೇ ಕುಡಿಯುತ್ತಿತ್ತು, ಚೆನ್ನಾಗಿಯೇ ನಿದ್ದೆ ಮಾಡುತ್ತಿತ್ತು. ಈ ಬೇನೆಯ ಮೋಸವೇ ಇಂಥದು. ಮೊದಲ ಕೆಲವು ವಾರ ಕೂಸು ನೋಡಲಿಕ್ಕೆ ಗಟ್ಟಿಮುಟ್ಟಾಗಿಯೇ ಇರುತ್ತದೆ.

ಆಗ ನಮ್ಮ ಮನೆಯಲ್ಲಿ ನಡೆದಿದ್ದ ದೊಡ್ಡ ವಿವಾದವೆಂದರೆ ಲಂಗೋಟಿಯದು. ಮಗಳು ಅಂಗಡಿಯ ಡಾಯಪರಿನ ಪಕ್ಷ, ಅವರವ್ವ ಹಳೆಯ ನೂಲಿನ ಸೀರೆಯ ಪಕ್ಷ.

"ಅವ್ವಾ, ಈಗಿನ ಕಾಲದಾಗ ಯಾರ ಲಂಗೋಟಿ ತೊಳೀತಾರ?"

"ನೀ ತೊಳೀಬ್ಯಾಡವಾ, ನಾ ತೊಳೀತೀನಿ. ಕೂಸಿನ ಬಟ್ಟಿ ತೊಳದ್ರ ಕೂಸಿನ ಹೊಟ್ಟಿ ತಿಳೀತದ."

ಕಡೆಗೆ ರಾತ್ರಿ ಡಾಯಪರು, ಹಗಲು ಬಟ್ಟೆ ಎಂದು ರಾಜಿಯಾಯಿತು. ಈ ರಾಜಿಯಿಂದಲೇ ನನ್ನ ಮೊಮ್ಮಗಳು ಬದುಕಿದಳೆಂದು ಈಗ ಅನ್ನಿಸುತ್ತದೆ.

ಹದಿನೇಳನೆಯ ದಿನ ಬೆಳಿಗ್ಗೆ ಬಚ್ಚಲಮನೆಯಿಂದ ಕೂಗು ಬಂದಿತು.

"ಏನ್ರೀ, ಇಲ್ಲೆ ಬರ್ರಿ. ಈ ಬಟ್ಟಿ ನೋಡ್ರಿ."

ನೋಡಿದೆ. ನೆನೆಸಿದ ಸುಣ್ಣದಂಥದೇನೋ ಬಟ್ಟೆಗೆ ಮೆತ್ತಿತ್ತು. ಪಕ್ಕದಲ್ಲಿದ್ದ ಇನ್ನೊಂದು ಬಟ್ಟೆಯಲ್ಲಿ ಮೂತ್ರದ ಕಲೆ ಚಹದಂತೆ ಹಳದಿಗಟ್ಟಿ ನಿಂತಿತ್ತು.

"ಹಾಲು ಕುಡಿಯೋ ಕೂಸು, ಹಾಲಿನ ಬಣ್ಣಾನ ಬರ್ತದ ಬಿಡು," ಎಂದೆ.

"ನಾನೂ ಎರಡು ಹಡದೀನ್ರೀ. ಹಾಲು ಕುಡದ್ರ ಅರಿಷಿಣದ ಹಂಗ ಹೋಗ್ತಾವ, ಸುಣ್ಣದ ಹಂಗ ಅಲ್ಲ. ಕಣ್ಣಾಗ ಇರಬೇಕಾದ ಬಿಳುಪು ಬಟ್ಟಿಗೆ ಬಂದದ. ಬಟ್ಟಿಯೊಳಗ ಇರಬೇಕಾದ ಹಳದಿ ಕಣ್ಣಾಗ ಕೂತದ. ಇದು ಛಲೋ ಅಲ್ಲ."

ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ಆಡಿದ ಈ ಮಾತಿನಲ್ಲಿ ಈ ರೋಗದ ಪಾಠವೆಲ್ಲ ಅಡಕವಾಗಿತ್ತೆಂದು ನನಗೆ ತಿಳಿದುದು ಬಹಳ ತಡವಾಗಿ.

ಮರುದಿನ ಸಂಜೆ ಹತ್ತಿರದ ಡಾಕ್ಟರ ಬಳಿಗೆ ಹೋದೆವು. ಅವರು ಒಳ್ಳೆಯವರು, ನಮ್ಮ ಮನೆಯವರನ್ನೆಲ್ಲ ವರ್ಷಗಳಿಂದ ಬಲ್ಲವರು. ಕೂಸನ್ನು ನೋಡಿದರು, ಹೊಟ್ಟೆ ಮುಟ್ಟಿದರು, ಮಲದ ಬಣ್ಣ ಹೇಗಿದೆ ಎಂದು ಮರಾಠಿಯಲ್ಲಿ ಕೇಳಿಯೂ ಕೇಳಿದರು. ನನ್ನ ಹೆಂಡತಿ ನನ್ನ ಕಡೆಗೆ ತಿರುಗಿ, "ಸುಣ್ಣದ ಹಂಗ ಬೆಳ್ಳಗ ಅದ ಅಂತ ಹೇಳ್ರಿ," ಎಂದಳು. ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಬೆಂಚಿನ ಮೇಲೆ ನಮ್ಮ ಸೊಸಾಯಿಟಿಯವರೇ ಇಬ್ಬರು ಕುಳಿತಿದ್ದರು. ನನಗೆ ನಾಚಿಕೆಯೆನಿಸಿತು. ಹೆಂಗಸರು ಎಲ್ಲವನ್ನೂ ಹಿಗ್ಗಿಸಿ ಹೇಳುತ್ತಾರೆ, ಡಾಕ್ಟರ ಮುಂದೆ ಸುಣ್ಣಗಿಣ್ಣವೆಂದರೆ ಚೆನ್ನಾಗಿರುವುದಿಲ್ಲ ಎಂದೂ ಅನಿಸಿತು. ದನಿ ತಗ್ಗಿಸಿ, "ಜರಾ ಫಿಕಟ್ ಆಹೇ," ಎಂದೆ. ಎಂದರೆ, ತುಸು ಮಸುಕಾಗಿದೆ ಎಂದು.

ಬಿಳಿ ಎಂಬುದಕ್ಕೆ ಮರಾಠಿಯಲ್ಲಿ ಪಾಂಢರಾ ಎಂಬ ಶಬ್ದವಿದೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ.

ಡಾಕ್ಟರು ಬಿಲಿರುಬಿನ್ ಪರೀಕ್ಷೆ ಬರೆದುಕೊಟ್ಟರು. ವರದಿಯಲ್ಲಿ ಒಟ್ಟು ಎಂಟು ಎಂದು ಬಂದಿತು. ಹನ್ನೆರಡು ಇದ್ದುದು ಎಂಟಕ್ಕೆ ಇಳಿದಿದೆ, ತಾಯಿಯ ಹಾಲಿನ ಕಾಮಾಲೆ ಇರಬಹುದು, ಬೆಳಗಿನ ಎಳೆಬಿಸಿಲು ತೋರಿಸಿರಿ ಎಂದರು. ನಾನು ನಿರಾಳವಾದೆ. ಬರುವಾಗ ಪೇಢೆ ಕೊಂಡು ತಂದೆ.

ಡಾಕ್ಟರನ್ನು ನಾನು ದೂರುವುದಿಲ್ಲ. ತಾಯಿಯ ಹಾಲಿನಿಂದ ತಿಂಗಳಿಗೂ ಮಿಕ್ಕಿ ಉಳಿಯುವ ನಿರಪಾಯದ ಕಾಮಾಲೆ ನಿಜವಾಗಿಯೂ ಉಂಟು. ಆದರೆ ಅದರಲ್ಲಿ ಮಲ ಹಳದಿಯಾಗಿಯೇ ಇರುತ್ತದೆ, ಮೂತ್ರ ನೀರಿನಂತಿರುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸತಕ್ಕ ಗುರುತನ್ನೇ ನಾನು ಮಧ್ಯದಲ್ಲಿ ನಿಂತು ಅಳಿಸಿಹಾಕಿದ್ದೆ.

ಮುಂದೆ ಮೂರು ವಾರ ಎಳೆಬಿಸಿಲು ನಡೆಯಿತು. ಕಾಮಾಲೆಗೆ ಮಂತ್ರಿಸಿದ ಸರ ಕಟ್ಟುವವರ ವಿಳಾಸವನ್ನು ಒಬ್ಬರು ಕೊಟ್ಟರು. ನೆಲನೆಲ್ಲಿಯ ರಸ ಹಿಂಡಿ ನಾಲಿಗೆಗೆ ಸವರಿರೆಂದು ಇನ್ನೊಬ್ಬರು ಊರಿನಿಂದ ಫೋನು ಮಾಡಿದರು. ಪುಣ್ಯಕ್ಕೆ ಎರಡನ್ನೂ ಮಾಡಲಿಲ್ಲ. ನನ್ನ ಹೆಂಡತಿ ವಾದಿಸಲಿಲ್ಲ, ಅಳಲಿಲ್ಲ. ಗೋಡೆಯ ಕ್ಯಾಲೆಂಡರಿನ ಮೇಲೆ ದಿನಕ್ಕೊಂದು ಗುರುತು ಹಾಕತೊಡಗಿದಳು. ಬಟ್ಟೆ ಹಳದಿಯಾಗಿದ್ದರೆ ಗೀಟು, ಬೆಳ್ಳಗಿದ್ದರೆ ಸೊನ್ನೆ. ಇದೇನು ಆಟವೆಂದು ನಾನು ನಕ್ಕಿದ್ದೂ ಉಂಟು.

ನಾಲ್ವತ್ತೆರಡನೆಯ ದಿನ ಒಂದೂವರೆ ತಿಂಗಳ ಲಸಿಕೆಗೆಂದು ಬೇರೊಂದು ದವಾಖಾನೆಗೆ ಹೋದೆವು. ಅಲ್ಲಿದ್ದವರು ಒಬ್ಬ ಎಳೆವಯಸ್ಸಿನ ಮಕ್ಕಳ ವೈದ್ಯೆ, ನನ್ನ ಮಗಳಿಗಿಂತ ಚಿಕ್ಕವರು. ಲಸಿಕೆ ಹಾಕುವ ಮೊದಲು ಕೂಸಿನ ಕಣ್ಣರೆಪ್ಪೆ ಬಿಡಿಸಿ ನೋಡಿದರು. ಮುಖ ಗಂಭೀರವಾಯಿತು. ಮಲ ಯಾವ ಬಣ್ಣ ಎಂದು ಕೇಳಿದರು. ನಾನು ರೂಢಿಯಂತೆ ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹೆಂಡತಿ ನನ್ನ ತೋಳನ್ನು ಹಿಂದಕ್ಕೆ ಸರಿಸಿ, ತಾನೇ ಮುಂದೆ ಬಂದು ದೊಡ್ಡ ದನಿಯಲ್ಲಿ ಹೇಳಿದಳು: "ಪಾಂಢರೀ! ಏಕದಮ್ ಪಾಂಢರೀ! ಖಡೂಸಾರಖೀ!"

ಖಡು ಎಂದರೆ ಶಾಲೆಯ ಹಲಗೆಗೆ ಬರೆಯುವ ಬಿಳಿಯ ಕಡ್ಡಿ. ನಮ್ಮ ಧಾರವಾಡದಲ್ಲಿಯೂ ಅದೇ ಶಬ್ದ, ಮರಾಠಿಯಲ್ಲಿಯೂ ಅದೇ ಶಬ್ದ. ಮೂರು ವಾರ ಅವಳು ಇದೊಂದು ಮಾತನ್ನು ಹುಡುಕಿ, ಜೋಡಿಸಿ, ಬಾಯಿಪಾಠ ಮಾಡಿ ಇಟ್ಟುಕೊಂಡಿದ್ದಳೆಂದು ಆಮೇಲೆ ತಿಳಿಯಿತು. ಅಷ್ಟಕ್ಕೇ ನಿಲ್ಲಿಸದೆ ಚೀಲದಿಂದ ಎರಡು ವಸ್ತುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಒಂದು, ಆ ಬೆಳಗಿನ ಬಟ್ಟೆ. ಇನ್ನೊಂದು, ಕ್ಯಾಲೆಂಡರಿನ ಹಾಳೆಗಳು. ಸಾಲಿಗೆ ಸಾಲು ಸೊನ್ನೆ. ಒಂದು ಗೀಟೂ ಇರಲಿಲ್ಲ.

ವೈದ್ಯೆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅಲ್ಲಿಯೇ ಕುಳಿತು ಊರಿನ ದೊಡ್ಡ ಮಕ್ಕಳ ಆಸ್ಪತ್ರೆಗೆ ಚೀಟಿ ಬರೆದರು. "ಅಜ್ಜಿ ಹೇಳಿದ್ದು ಸರಿ. ನಾಳೆಯೇ ಹೋಗಿ. ಒಂದು ದಿನವೂ ತಡ ಬೇಡ," ಎಂದರು. ಹೊರಡುವ ಮೊದಲು ಕೂಸಿಗೆ ಕೆ ಜೀವಸತ್ವದ ಚುಚ್ಚುಮದ್ದು ಕೊಟ್ಟರು. ಪಿತ್ತರಸ ಕರುಳಿಗೆ ಇಳಿಯದಿದ್ದರೆ ಈ ಜೀವಸತ್ವ ಮೈಗೆ ಹತ್ತುವುದಿಲ್ಲವಂತೆ, ಅದಿಲ್ಲದಿದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲವಂತೆ. ರಕ್ತ ತೆಗೆದ ಸ್ಥಳದಲ್ಲಿ ಹತ್ತಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿದರೂ ಒಸರುತ್ತಲೇ ಇದ್ದುದನ್ನು ಕಂಡು ಅದರ ಅರ್ಥ ನಮಗೆ ತಿಳಿಯಿತು.

ಇನ್ನು ಪರೀಕ್ಷೆಗಳ ಮಾತು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಯಾಕೆಂದರೆ ಆಸ್ಪತ್ರೆಯ ಓಣಿಗಳಲ್ಲಿ ಅಲೆಯುವಾಗ ಯಾವುದು ಯಾತಕ್ಕೆಂದು ತಿಳಿದಿದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ.

ಯಕೃತ್ತು, ಎಂದರೆ ನಾವೆಲ್ಲ ಲಿವರ್ ಎನ್ನುವ ಅಂಗ, ಪಿತ್ತರಸವನ್ನು ತಯಾರಿಸುತ್ತದೆ. ಆ ರಸ ಸಣ್ಣ ಸಣ್ಣ ನಾಳಗಳಿಂದ ಕೂಡಿ ಒಂದು ದೊಡ್ಡ ನಾಳದ ಮೂಲಕ ಕರುಳಿಗೆ ಇಳಿಯುತ್ತದೆ. ಮಲಕ್ಕೆ ಹಳದಿ ಬಣ್ಣ ಬರುವುದು ಇದರಿಂದಲೇ. ನಮ್ಮ ಕಟ್ಟಡದ ಮೇಲಿನ ನೀರಿನ ಟಾಕಿಯನ್ನು ನೆನೆಯಿರಿ. ಅಡಿಗೆಮನೆಗೆ ಬರುವ ನಳ ಕಟ್ಟಿತೆಂದರೆ ಕೆಳಗೆ ತೋಟಿ ಒಣಗುತ್ತದೆ, ಮೇಲೆ ಟಾಕಿ ತುಂಬಿ ಹೊರಚೆಲ್ಲಿ ಗೋಡೆಯೆಲ್ಲ ಒದ್ದೆಯಾಗುತ್ತದೆ. ಕರುಳಿನಲ್ಲಿ ಪಿತ್ತವಿಲ್ಲದೆ ಮಲ ಬಿಳಿಯಾಗುವುದು ಒಣಗಿದ ತೋಟಿ. ರಕ್ತಕ್ಕೆ ಪಿತ್ತ ಸೇರಿ ಕಣ್ಣು ಹಳದಿಯಾಗುವುದು, ಮೂತ್ರ ಬಣ್ಣಗಟ್ಟುವುದು ಒದ್ದೆಯಾದ ಗೋಡೆ. ನನ್ನ ಹೆಂಡತಿ ಬಚ್ಚಲಲ್ಲಿ ನಿಂತು ಕಂಡುದು ಇದನ್ನೇ.

ಮೊದಲ ಪರೀಕ್ಷೆ ರಕ್ತದ್ದು. ಬಿಲಿರುಬಿನ್ನಿನಲ್ಲಿ ಎರಡು ಬಗೆ. ಲಿವರ್ ಇನ್ನೂ ಸಂಸ್ಕರಿಸದ ಕಚ್ಚಾ ಬಗೆ ಒಂದು, ಸಂಸ್ಕರಿಸಿ ಹೊರಗೆ ಕಳಿಸಲು ಸಿದ್ಧಮಾಡಿದ ಬಗೆ ಇನ್ನೊಂದು. ಎರಡನೆಯದಕ್ಕೆ ಡೈರೆಕ್ಟ್ ಬಿಲಿರುಬಿನ್ ಎನ್ನುತ್ತಾರೆ. ಎಳೆಕೂಸಿನ ಸಾಮಾನ್ಯ ಕಾಮಾಲೆಯಲ್ಲಿ ಹೆಚ್ಚಾಗುವುದು ಕಚ್ಚಾ ಬಗೆ. ಡೈರೆಕ್ಟ್ ಹೆಚ್ಚಾಗಿದ್ದರೆ ಲಿವರ್ ತನ್ನ ಕೆಲಸ ಮಾಡಿದೆ, ಮಾಲು ಹೊರಗೆ ಹೋಗುತ್ತಿಲ್ಲ ಎಂದು ಅನುಮಾನಿಸಬೇಕು. ಡೆಸಿಲೀಟರಿಗೆ 1 ಮಿಲಿಗ್ರಾಮಿಗಿಂತ ಹೆಚ್ಚಾದರೂ ತನಿಖೆ ಮಾಡತಕ್ಕದ್ದು. ನಮ್ಮ ಕೂಸಿಗೆ ಒಟ್ಟು ಎಂಟರಲ್ಲಿ ಡೈರೆಕ್ಟೇ ಆರು ಇತ್ತು! ಹಿಂದಿನ ವರದಿಯಲ್ಲಿ ಒಟ್ಟು ಮಾತ್ರ ಇತ್ತು, ಈ ವಿಂಗಡಣೆ ಇರಲಿಲ್ಲ. ಒಟ್ಟು ಇಳಿದಂತೆ ಕಂಡುದು ಕಚ್ಚಾ ಬಗೆ ಇಳಿದುದರಿಂದ. ಅದರ ಮರೆಯಲ್ಲಿ ಇನ್ನೊಂದು ಏರುತ್ತಿತ್ತು. ಇಂಥ ಕಾಮಾಲೆಗೆ ಎಳೆಬಿಸಿಲಿನಿಂದ ಏನೂ ಪ್ರಯೋಜನವಿಲ್ಲ.

ಎರಡನೆಯದು ಹೊಟ್ಟೆಯ ಸೋನೋಗ್ರಾಫಿ. ಕೂಸನ್ನು ನಾಲ್ಕು ತಾಸು ಉಪವಾಸವಿಡಬೇಕೆಂದರು, ಯಾಕೆಂದರೆ ಖಾಲಿ ಹೊಟ್ಟೆಯಲ್ಲಿ ಮಾತ್ರ ಪಿತ್ತಕೋಶ ತುಂಬಿ ನಿಂತು ಕಾಣುತ್ತದೆ. ಹಸಿದು ಕಿರಿಚುವ ಕೂಸನ್ನು ಹೆಗಲಿಗೆ ಹಾಕಿಕೊಂಡು ನನ್ನ ಹೆಂಡತಿ ಓಣಿಯ ಈ ತುದಿಯಿಂದ ಆ ತುದಿಗೆ ನಡೆದದ್ದೆಷ್ಟೋ. ನಮ್ಮ ಕೂಸಿನ ಪಿತ್ತಕೋಶ ಒಣಗಿದ ದ್ರಾಕ್ಷಿಯಂತೆ ಸುರುಟಿತ್ತು. ಪಿತ್ತನಾಳ ಚೀಲದಂತೆ ಉಬ್ಬುವ ಇನ್ನೊಂದು ಹುಟ್ಟು ದೋಷವೂ ಉಂಟು. ಅದಕ್ಕೆ ಕೋಲೆಡೋಕಲ್ ಸಿಸ್ಟ್ ಎಂದು ಹೆಸರು. ಹೆಣ್ಣುಮಕ್ಕಳಲ್ಲಿ ಅದು ಹೆಚ್ಚು. ಒಮ್ಮೊಮ್ಮೆ ದೊಡ್ಡ ಮಕ್ಕಳಲ್ಲಿ ಹೊಟ್ಟೆನೋವು, ಬಂದುಹೋಗುವ ಕಾಮಾಲೆ, ಹೊಟ್ಟೆಯಲ್ಲಿ ಗಂಟು, ಹೀಗೆ ತಡವಾಗಿ ತೋರುತ್ತದೆ. ಸೋನೋಗ್ರಾಫಿಯಲ್ಲಿ ಅದು ಕಾಣಿಸುತ್ತದೆ, ಶಸ್ತ್ರಕ್ರಿಯೆಯಿಂದ ತೆಗೆಯಬಹುದು, ಹಾಗೆಯೇ ಬಿಟ್ಟರೆ ಮುಂದೆ ಅರ್ಬುದದ ಭಯ. ನಮ್ಮಲ್ಲಿ ಅದಿರಲಿಲ್ಲ.

ಹೀಗೆ ಒಂದೊಂದನ್ನೇ ತಳ್ಳಿಹಾಕುತ್ತ ಹೋಗುವುದೇ ಈ ತನಿಖೆಯ ರೀತಿ. ಹೃದಯಕ್ಕೆ ಕಿವಿಗೊಟ್ಟರು, ಬೆನ್ನೆಲುಬಿನ ಚಿತ್ರ ತೆಗೆದರು, ಕಣ್ಣಿನೊಳಗೆ ದೀಪ ಹಿಡಿದರು. ಲಿವರಿನ ಒಳಗಿನ ಸಣ್ಣ ನಾಳಗಳೇ ಕಡಿಮೆಯಾಗಿರುವ ಅಲಜೀಲ್ ಎಂಬ ವಂಶವಾಹಿ ದೋಷದ ಗುರುತುಗಳು ಈ ಮೂರರಲ್ಲಿಯೂ ಸಿಗುತ್ತವಂತೆ. ಸೋಂಕು, ಥೈರಾಯ್ಡಿನ ಕೊರತೆ, ಹಾಲಿನ ಸಕ್ಕರೆ ಜೀರ್ಣವಾಗದ ರೋಗ ಇವುಗಳನ್ನೂ ನೋಡಿದರು. ಐದು ದಿನ ಫಿನೋಬಾರ್ಬಿಟೋನ್ ಔಷಧ ಕೊಟ್ಟು, ಆಮೇಲೆ ಅಲ್ಪ ವಿಕಿರಣವುಳ್ಳ ದ್ರವವನ್ನು ರಕ್ತಕ್ಕೆ ಸೇರಿಸಿ, ಅದು ಲಿವರಿನಿಂದ ಕರುಳಿಗೆ ಇಳಿಯುವುದೋ ಇಲ್ಲವೋ ಎಂದು ಇಪ್ಪತ್ನಾಲ್ಕು ತಾಸು ಚಿತ್ರ ತೆಗೆದರು. ಇದಕ್ಕೆ ಹೈಡಾ ಸ್ಕ್ಯಾನ್ ಎನ್ನುತ್ತಾರೆ. ಇಳಿದರೆ ನಾಳ ತೆರೆದಿದೆ ಎಂದು ನಿಶ್ಚಯ. ಇಳಿಯದಿದ್ದರೆ ಮಾತ್ರ ಇದೇ ರೋಗವೆಂದು ಅದೊಂದರಿಂದಲೇ ಹೇಳಲಾಗದು. ನಮ್ಮದು ಇಳಿಯಲಿಲ್ಲ. ಸೂಜಿಯಿಂದ ಲಿವರಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹೊರದಾರಿ ಮುಚ್ಚಿದ ಲಕ್ಷಣವೇ ಕಂಡಿತು.

ರೋಗದ ಹೆಸರು ಬಿಲಿಯರಿ ಅಟ್ರೇಶಿಯಾ. ಲಿವರಿನ ಹೊರಗಿನ ಪಿತ್ತನಾಳ ಹುಟ್ಟುವ ಮೊದಲೋ ಹುಟ್ಟಿದ ಸ್ವಲ್ಪದರಲ್ಲಿಯೋ ಬಾತು, ಗಾಯಗಟ್ಟಿ, ಮುಚ್ಚಿಹೋಗುವುದು. ಚಿಕಿತ್ಸೆಯಿಲ್ಲದಿದ್ದರೆ ಒಳಗೆ ಕಟ್ಟಿದ ಪಿತ್ತವೇ ಲಿವರನ್ನು ಕೆಲವೇ ತಿಂಗಳಲ್ಲಿ ಗಡಸುಮಾಡಿಬಿಡುತ್ತದೆ. ಹೆಚ್ಚಿನ ಕೂಸುಗಳು ಎರಡು ವರ್ಷ ದಾಟುವುದಿಲ್ಲ.

ಮಗಳು ಸರ್ಜನರನ್ನು ಕೇಳಿದ ಮೊದಲ ಪ್ರಶ್ನೆ, "ನಾ ಬಸುರಿದ್ದಾಗ ಏನರ ತಪ್ಪು ತಿಂದೆನೇನು?" ಎಂಬುದು. ನಾನು ಅದನ್ನು ಅಕ್ಷರಕ್ಕೆ ಅಕ್ಷರ ಮರಾಠಿಯಲ್ಲಿ ಹೇಳಿದೆ. ಅವರು ಅವಳ ತಲೆಯ ಮೇಲೆ ಕೈಯಿಟ್ಟು, "ಇಲ್ಲ ತಾಯೀ. ಒಂದೇ ಗರ್ಭದ, ಒಂದೇ ರೂಪದ ಅವಳಿಗಳಲ್ಲಿ ಸಹ ಸಾಮಾನ್ಯವಾಗಿ ಒಂದಕ್ಕೆ ಬಂದು ಇನ್ನೊಂದಕ್ಕೆ ಬರುವುದಿಲ್ಲ. ತಾಯಿ ಏನು ಮಾಡಿದಳು, ಏನು ತಿಂದಳು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ," ಎಂದರು.

ಆಗ ನನಗೆ ನನ್ನ ಅವ್ವನ ನೆನಪಾಯಿತು. 1959ರಲ್ಲಿ ನನಗೊಬ್ಬ ತಂಗಿ ಹುಟ್ಟಿದ್ದಳು. ನನಗಾಗ ಎಂಟು ವರ್ಷ. ಆ ಕೂಸು ಹುಟ್ಟಿದಂದಿನಿಂದ ಹಳದಿಯಾಗಿಯೇ ಇತ್ತು. ಹೊಟ್ಟೆ ಉಬ್ಬಿತು, ಕೈಕಾಲು ಕಡ್ಡಿಯಾದುವು. ಹಿರಿಯರು ಹೊಟ್ಟೆಯ ಮೇಲೆ ಬರೆ ಹಾಕಿಸಿದರು. ಹತ್ತನೆಯ ತಿಂಗಳಲ್ಲಿ ಅದು ತೀರಿಕೊಂಡಿತು. ಬಸುರಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಳೆಂದು ಅಜ್ಜಿ ಅವ್ವನನ್ನು ಅಂದಳು, ಓಣಿಯೆಲ್ಲ ಅಂದಿತು. ಅವ್ವ ಸಾಯುವವರೆಗೂ ಅದನ್ನು ನಂಬಿದ್ದಳು. ತಂಗಿಗೆ ಇದ್ದುದು ಇದೇ ಬೇನೆಯೋ ಬೇರೆಯೋ, ಈಗ ಯಾರು ಹೇಳಬಲ್ಲರು? ಆದರೆ ಆ ಸರ್ಜನರು ನನ್ನ ಮಗಳಿಗೆ ಹೇಳಿದ ಮಾತನ್ನು ಅರುವತ್ತು ವರ್ಷ ಹಿಂದೆ ಯಾರಾದರೂ ನನ್ನ ಅವ್ವನಿಗೆ ಹೇಳಿದ್ದರೆ!

ಅದೇ 1959ರಲ್ಲಿ ಜಪಾನಿನಲ್ಲಿ ಒಂದು ಲೇಖನ ಅಚ್ಚಾಗಿತ್ತು. ಸೆಂಡೈ ನಗರದ ಮೊರಿಯೊ ಕಸಾಯ್ ಎಂಬ ಸರ್ಜನರು 1955ರಲ್ಲಿ ಮೊದಲ ಬಾರಿ ಮಾಡಿದ ಒಂದು ಶಸ್ತ್ರಕ್ರಿಯೆಯ ಬಗೆಯನ್ನು ಅದರಲ್ಲಿ ಬರೆದಿದ್ದರು. ಮುಚ್ಚಿದ ನಾಳವನ್ನು ಕತ್ತರಿಸಿ ತೆಗೆದು, ಸಣ್ಣ ಕರುಳಿನ ಒಂದು ಭಾಗವನ್ನು ಮೇಲೆತ್ತಿ ಲಿವರಿನ ಬಾಯಿಗೇ ಹೊಲಿಯುವುದು. ಅಲ್ಲಿರುವ ಕಣ್ಣಿಗೆ ಕಾಣದ ನಾಳಗಳಿಂದ ಪಿತ್ತ ಒಸರಿ ನೇರವಾಗಿ ಕರುಳಿಗೆ ಇಳಿಯುತ್ತದೆ. ಲೇಖನ ಜಪಾನೀ ಭಾಷೆಯಲ್ಲಿತ್ತು. ಇಂಗ್ಲಿಷಿನಲ್ಲಿ ಅವರ ಲೇಖನ ಬಂದುದು 1968ರಲ್ಲಿ. ಒಂದು ಭಾಷೆಯಲ್ಲಿದ್ದ ಜೀವದಾನದ ಮಾತು ಇನ್ನೊಂದಕ್ಕೆ ದಾಟಲು ಒಂಬತ್ತು ವರ್ಷ. ನನ್ನ ಮೂರು ವಾರವನ್ನು ನೆನೆದು ನಾನು ತಲೆ ತಗ್ಗಿಸಿದೆ.

ಇಷ್ಟು ದುಃಖದಲ್ಲಿಯೂ ಒಂದು ನಗೆಯ ಪ್ರಸಂಗ ನಡೆಯಿತು. ಸರ್ಜನರು "ಕಸಾಯ್ ಆಪರೇಶನ್" ಎಂದೊಡನೆ ನನ್ನ ಹೆಂಡತಿ ಕೂಸನ್ನು ಎದೆಗವಚಿಕೊಂಡು ಎದ್ದೇಬಿಟ್ಟಳು. "ಏನಂದ್ರಿ, ಕಸಾಯಿ ಆಪರೇಶನ್ನ? ಕೂಸಿನ್ನ ಕಸಾಯಿ ಕೈಯಾಗ ಕೊಡೂದಿಲ್ಲ ನಾ!" ಅದು ಜಪಾನಿನ ಒಬ್ಬ ದೊಡ್ಡ ಡಾಕ್ಟರ ಹೆಸರೆಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಸರ್ಜನರೂ ನಕ್ಕರು.

ಐವತ್ತಾರನೆಯ ದಿನ ಶಸ್ತ್ರಕ್ರಿಯೆ. ಮೊದಲು ಪಿತ್ತಕೋಶದೊಳಗೆ ಬಣ್ಣದ ದ್ರವ ಹಾಕಿ ಕ್ಷ-ಕಿರಣದಲ್ಲಿ ನೋಡುವರು, ಇದೇ ಕಡೆಯ ತೀರ್ಪು, ನಾಳ ತೆರೆದಿದ್ದರೆ ಅಲ್ಲಿಗೇ ಬಿಟ್ಟು ಹೊಲಿದುಬಿಡುತ್ತೇವೆ ಎಂದಿದ್ದರು. ನಾವು ಆ ಆಸೆಯಲ್ಲಿಯೇ ಕುಳಿತಿದ್ದೆವು. ಬಾಗಿಲು ಬೇಗ ತೆರೆಯಲಿಲ್ಲ. ಒಂದು ತಾಸಾಯಿತು, ಎರಡಾಯಿತು, ಐದಾಯಿತು. ತಡವಾದುದರಿಂದಲೇ ತೀರ್ಪು ಏನೆಂಬುದು ನಮಗೆ ತಿಳಿಯಿತು.

ಅರುವತ್ತು ದಿನದೊಳಗೆ ಆದರೆ ಫಲ ಸಿಗುವ ಸಂಭವ ಹೆಚ್ಚು, ದಿನ ಕಳೆದಂತೆ ಕಡಿಮೆ ಎಂಬುದು ವೈದ್ಯರ ಅನುಭವ. ಹಾಗೆಂದು ಅರುವತ್ತು ದಾಟಿದವರು ಆಸೆ ಬಿಡಬೇಕೆಂದಲ್ಲ. ಆರನೆಯ ದಿನ ನರ್ಸು ಬಟ್ಟೆಯನ್ನು ಎತ್ತಿ ಹಿಡಿದು ನನ್ನ ಹೆಂಡತಿಗೆ ತೋರಿಸಿದಳು. ಹಸುರು ಮಿಶ್ರವಾದ ಹಳದಿ. ನಮ್ಮ ಮನೆಗೆ ಬಂದ ಯಾವ ಪೈಠಣಿ ಸೀರೆಯ ಬಣ್ಣವನ್ನೂ ಅವಳು ಅಷ್ಟು ಹೊತ್ತು ನೋಡಿದ್ದು ನಾನು ಕಂಡಿಲ್ಲ. ಮನೆಗೆ ಬಂದವಳೇ ಕ್ಯಾಲೆಂಡರಿನ ಮೇಲೆ ಮೊದಲನೆಯ ಗೀಟು ಎಳೆದಳು.

ಎಲ್ಲವೂ ಅಲ್ಲಿಗೆ ಮುಗಿಯಿತೆಂದು ಬರೆದರೆ ಸುಳ್ಳಾದೀತು. ಅನುಭವವುಳ್ಳ ಆಸ್ಪತ್ರೆಗಳಲ್ಲಿ ಸಹ ಸುಮಾರು ಅರ್ಧದಷ್ಟು ಕೂಸುಗಳಲ್ಲಿ ಮಾತ್ರ ಕಾಮಾಲೆ ಪೂರ್ತಿ ಇಳಿಯುತ್ತದೆ. ನಮ್ಮದು ಇಳಿಯಲು ನಾಲ್ಕು ತಿಂಗಳಾಯಿತು. ಕರುಳಿನ ಸೋಂಕು ಮೇಲೇರಿ ಪಿತ್ತದಾರಿ ಬಾಯುವುದುಂಟು. ಜ್ವರ ಬಂದರೆ ಮನೆಯ ಔಷಧವಿಲ್ಲ, ನೇರ ಆಸ್ಪತ್ರೆ. ಮೊದಲ ವರ್ಷ ಎರಡು ಸಲ ಹಾಗೆ ಓಡಿದ್ದೇವೆ. ಎ, ಡಿ, ಇ, ಕೆ ಜೀವಸತ್ವಗಳನ್ನು ಬೇರೆಯಾಗಿ ಕೊಡಬೇಕು. ಪಿತ್ತರಸದ ಸಹಾಯ ಹೆಚ್ಚು ಬೇಡದೆ ಜೀರ್ಣವಾಗುವ ಕೊಬ್ಬು ತೆಂಗಿನೆಣ್ಣೆಯಲ್ಲಿ ಒಂದಿಷ್ಟು ಉಂಟೆಂದು, ಅನ್ನ ತಿನ್ನಲು ತೊಡಗಿದ ಮೇಲೆ ಅದರಲ್ಲಿ ಅದನ್ನು ಬೆರೆಸಲು ಹೇಳಿದರು. ಶೇಂಗಾ ಎಣ್ಣೆಯ ನಮ್ಮ ಮನೆಯಲ್ಲಿ ತೆಂಗಿನೆಣ್ಣೆ ತಲೆಗೆ ಮಾತ್ರ ಇದ್ದ ವಸ್ತು. ಮೂರನೆಯ ಅಂತಸ್ತಿನ ಉಡುಪಿಯ ಕಡೆಯ ಅಮ್ಮ ಒಳ್ಳೆಯ ಎಣ್ಣೆಯ ಬಾಟಲಿಯನ್ನೇ ತಂದುಕೊಟ್ಟು, "ಇದು ನಮ್ಮ ದಿನನಿತ್ಯದ ಊಟ, ಮದ್ದಲ್ಲ ಮಾರಾಯ್ರೆ," ಎಂದು ಧೈರ್ಯ ಹೇಳಿದರು.

ಮುಂದೆ ಎಂದಾದರೊಂದು ದಿನ ಲಿವರ್ ಬದಲಿಸಬೇಕಾಗಬಹುದು. ಅನೇಕ ಮಕ್ಕಳಿಗೆ ಅದು ಬರುತ್ತದೆ. ಜಗತ್ತಿನ ಮೊಟ್ಟಮೊದಲ ಲಿವರ್ ಕಸಿಯನ್ನು 1963ರಲ್ಲಿ ಅಮೇರಿಕದ ಡೆನ್ವರಿನಲ್ಲಿ ಥಾಮಸ್ ಸ್ಟಾರ್ಜಲ್ ಎಂಬವರು ಮಾಡಿದುದು ಇದೇ ರೋಗದ ಮೂರು ವರ್ಷದ ಮಗುವಿಗೆ. ಆ ಮಗು ಉಳಿಯಲಿಲ್ಲ. 1998ರಲ್ಲಿ ದಿಲ್ಲಿಯಲ್ಲಿ ಇದೇ ರೋಗವಿದ್ದ, ಎರಡು ವರ್ಷವೂ ತುಂಬದ ಕಾಂಚೀಪುರದ ಒಂದು ಮಗುವಿಗೆ ತಂದೆಯ ಲಿವರಿನ ಭಾಗವನ್ನು ಕೂಡಿಸಿದರು. ಭಾರತದಲ್ಲಿ ಮಗುವಿಗೆ ಯಶಸ್ವಿಯಾದ ಮೊದಲ ಕಸಿ ಅದು. ಆ ಮಗು ಬೆಳೆದು ತಾನೇ ಡಾಕ್ಟರನಾಗಿದ್ದಾನೆ. ನಮ್ಮ ಅಳಿಯಂದಿರು ಆ ಸುದ್ದಿಯ ಕತ್ತರಿಯನ್ನು ಕಿಸೆಯಲ್ಲಿ ಇಟ್ಟುಕೊಂಡಿದ್ದಾರೆ.

ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ಹೊಟ್ಟೆಯ ಮೇಲೆ ಅಡ್ಡ ಗೆರೆಯೊಂದಿದೆ, ಕೆಲವು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಇದೆ. ಅಷ್ಟು ಬಿಟ್ಟರೆ ಓಣಿಗೆಲ್ಲ ಕೇಳುವ ದನಿ ಹಾಗೆಯೇ ಇದೆ. ಆಸ್ಪತ್ರೆಗೆ ಹೋದಾಗ ಈಗ ಮಾತಾಡುವವಳು ನನ್ನ ಹೆಂಡತಿ. ಅವಳ ಮರಾಠಿಯಲ್ಲಿ ವ್ಯಾಕರಣವಿಲ್ಲ, ಆದರೆ ತಪ್ಪಿಲ್ಲ. ನಾನು ಹಿಂದೆ ಫೈಲು ಹಿಡಿದು ನಿಲ್ಲುತ್ತೇನೆ.

ತೈವಾನಿನಲ್ಲಿ 2004ರಿಂದ ದೇಶದಲ್ಲೆಲ್ಲ ಕೂಸಿನ ಆರೋಗ್ಯ ಪುಸ್ತಕದಲ್ಲಿ ಮಲದ ಬಣ್ಣಗಳ ಚಿತ್ರಪಟವನ್ನು ಅಚ್ಚುಹಾಕುತ್ತಾರಂತೆ. ತಾಯಿ ತನ್ನ ಕೂಸಿನ ಬಟ್ಟೆಯನ್ನು ಪಟಕ್ಕೆ ಹೋಲಿಸಿ ನೋಡುತ್ತಾಳೆ, ಮಸುಕು ಬಣ್ಣಕ್ಕೆ ಹೊಂದಿದರೆ ಕೂಡಲೆ ತಿಳಿಸುತ್ತಾಳೆ. ಅದರಿಂದ ಅರುವತ್ತು ದಿನದೊಳಗೆ ಶಸ್ತ್ರಕ್ರಿಯೆಯಾಗುವ ಕೂಸುಗಳು ಹೆಚ್ಚಾದುವು. ಜಪಾನಿನಲ್ಲಿಯೂ 2012ರಿಂದ ತಾಯಿಮಕ್ಕಳ ಕೈಪಿಡಿಯಲ್ಲಿ ಇಂಥ ಪಟ ಇದೆ. ಬಣ್ಣಕ್ಕೆ ಭಾಷಾಂತರಕಾರ ಬೇಕಿಲ್ಲ ಎಂಬುದನ್ನು ಅವರು ಕಂಡುಕೊಂಡರು.

ನಮ್ಮ ಸಂಘದ ಅಕ್ಕತಂಗಿಯರಲ್ಲಿ, ಬಾಣಂತನ ಮಾಡುವ ಅಜ್ಜಿಯರಲ್ಲಿ, ವಿಶೇಷವಾಗಿ ನನ್ನಂಥ ಅಜ್ಜಂದಿರಲ್ಲಿ ನನ್ನ ಬಿನ್ನಹ ಇಷ್ಟೇ. ಎರಡು ವಾರ ಕಳೆದರೂ ಕೂಸಿನ ಕಣ್ಣು ಹಳದಿಯಾಗಿದ್ದರೆ ಕಾಯಬೇಡಿರಿ. ಒಟ್ಟು ಬಿಲಿರುಬಿನ್ ಜೊತೆಗೆ ಡೈರೆಕ್ಟ್ ಎಷ್ಟೆಂದು ಕೇಳಿರಿ. ಡಾಯಪರು ಹಾಕಿದರೂ ಅದನ್ನು ಬಿಸಾಡುವ ಮೊದಲು ಬೆಳಕಿಗೆ ಹಿಡಿದು ನೋಡಿರಿ. ಮಲ ಬೆಳ್ಳಗಿದ್ದರೆ ಅಥವಾ ಮೂತ್ರ ಬಟ್ಟೆಗೆ ಹಳದಿ ಕಲೆ ಕಟ್ಟಿದರೆ ಎರಡು ವಾರದವರೆಗೂ ಕಾಯಬೇಕಾಗಿಲ್ಲ, ಅಂದೇ ಡಾಕ್ಟರ ಬಳಿಗೆ ಹೋಗಿರಿ. ಆ ಬಟ್ಟೆಯನ್ನೂ ಜೊತೆಗೆ ಒಯ್ಯಿರಿ.

ಮತ್ತು ಮನೆಯ ಹೆಂಗಸರ ಮಾತನ್ನು ಡಾಕ್ಟರಿಗೆ ತಿರುಗಿಸಿ ಹೇಳುವ ಕೆಲಸ ನಿಮ್ಮದಾಗಿದ್ದರೆ, ಅವರು ಬಿಳಿ ಎಂದರೆ ನೀವೂ ಬಿಳಿ ಎಂದೇ ಹೇಳಿರಿ.